ಕಾಲರ್ ಮೈಕ್ ಎಲ್ಲಿ ಅಡಗಿಸೋಣ? ಅಂಗಿ, ಜುಬ್ಬಾ, ಸೀರೆಗೆ ತಕ್ಕ ದಾರಿಗಳು

ಬಾಗಲಕೋಟೆ ಕಡೆಯ ಒಂದು ಊರಿಗೆ ಬೀಸುವ ಪದ ಹಾಡುವ ಅಜ್ಜಿಯೊಬ್ಬರನ್ನು ರೆಕಾರ್ಡ್ ಮಾಡಲು ಹೋಗಿದ್ದೆ. ಕ್ಯಾಮೆರಾ ಬರುತ್ತದೆ ಅಂತ ಅವರು ಪೆಟ್ಟಿಗೆಯಿಂದ ಹೊಸ ಇಳಕಲ್ ಸೀರೆ ತೆಗೆದು ಉಟ್ಟಿದ್ದರು. ಮೈಕ್ ಕಾಣಬಾರದು ಅಂತ ನಾನು ಅದನ್ನು ಸೆರಗಿನ ಒಳಬದಿಗೆ ಪಿನ್ ಹಾಕಿ ನಿಲ್ಲಿಸಿದೆ. ಅಜ್ಜಿ ಸುಮ್ಮನೆ ಕೂತು ಮಾತಾಡುವಾಗ ಹೆಡ್‌ಫೋನಿನಲ್ಲಿ ಒಂದು ನಿಮಿಷ ಕೇಳಿದೆ, ಚೆನ್ನಾಗಿತ್ತು. ಹೆಡ್‌ಫೋನ್ ತೆಗೆದಿಟ್ಟು ಕ್ಯಾಮೆರಾ ಹಿಂದೆ ಹೋದೆ. ಆಮೇಲೆ ಅವರು ಬೀಸುವ ಕಲ್ಲಿನ ಗೂಟ ಹಿಡಿದು ಹಾಡಲು ಶುರು ಮಾಡಿದರು. ಕಲ್ಲು ಒಂದು ಸುತ್ತು ಬಂದರೆ ಸೆರಗು ಒಂದು ಸಲ ಮೈಕಿಗೆ ಉಜ್ಜುತ್ತಿತ್ತು. ಮನೆಗೆ ಬಂದು ಕೇಳಿದಾಗ ಇಡೀ ಹಾಡಿನ ಮೇಲೆ ಸರಬರ ಸದ್ದು.

ಮತ್ತೆ ಹಾಡಿಸಬಹುದಿತ್ತಲ್ಲ ಅನ್ನಬಹುದು. ಮತ್ತೆ ಹೋದೆ, ಹಾಡಿಸಿದೆ. ಆದರೆ ಮೊದಲ ದಿನ ಕಲ್ಲು ತಿರುಗುವ ಹದಕ್ಕೆ ತಾನಾಗಿ ನೆನಪಾಗಿ ಬಂದ ಎರಡು ನುಡಿ ಎರಡನೇ ದಿನ ಬರಲಿಲ್ಲ. ಆವತ್ತಿನಿಂದ ನಾನು ಮೈಕ್ ಅಡಗಿಸುವ ಕೆಲಸವನ್ನು ಕ್ಯಾಮೆರಾ ಇಡುವಷ್ಟೇ ಗಮನ ಕೊಟ್ಟು ಮಾಡುತ್ತೇನೆ. ಸಂದರ್ಶನ, ಮದುವೆ ವಿಡಿಯೋ, ಕಿರುಚಿತ್ರ, ಪಾಠದ ವಿಡಿಯೋ ಮಾಡುವವರಿಗೆ ಯಾವ ಬಟ್ಟೆಗೆ ಯಾವ ದಾರಿ ಸರಿ ಅನ್ನುವುದನ್ನು ಇಲ್ಲಿ ಹೋಲಿಸಿ ಹೇಳುತ್ತೇನೆ. ಬಟ್ಟೆಗೆ ಸಿಕ್ಕಿಸುವ ಈ ಸಣ್ಣ ಕಾಲರ್ ಮೈಕನ್ನೇ ಲೇಪಲ್, ಲ್ಯಾವಲಿಯರ್, ಲ್ಯಾವ್ ಅಂತಲೂ ಕರೆಯುತ್ತಾರೆ. ಎಲ್ಲ ಒಂದೇ.

ಮೊದಲು ಸದ್ದು ಯಾವುದು ಅಂತ ಗುರುತು ಹಿಡಿಯಿರಿ

ಬಟ್ಟೆಯ ಸದ್ದು ಎರಡು ಥರ. ಒಂದು, ಬಟ್ಟೆ ನೇರವಾಗಿ ಮೈಕಿನ ತಲೆಗೋ ವೈರಿಗೋ ಉಜ್ಜುವುದು. ಇದು ದಪ್ಪ ಸದ್ದು. ಪರಪರ, ಗುಡುಗುಡು ಅಂತ ಮಾತನ್ನೇ ಮುಚ್ಚಿಬಿಡುತ್ತದೆ. ಇನ್ನೊಂದು, ಬಟ್ಟೆಗೆ ಬಟ್ಟೆ ಉಜ್ಜಿ ಬರುವ ಸದ್ದು. ತೋಳು ಪಕ್ಕೆಗೆ ತಾಗಿದಾಗ, ಸೀರೆಯ ಮಡಿಕೆಗಳು ಒಂದಕ್ಕೊಂದು ತಾಗಿದಾಗ ಬರುವುದು ಇದೇ. ಮೈಕಿಗೆ ಏನೂ ತಾಗಿರುವುದಿಲ್ಲ. ಪಕ್ಕದಲ್ಲಿ ಕೂತವರಿಗೆ ಕೇಳುವ ಹಾಗೆ ಮೈಕಿಗೂ ಕೇಳುತ್ತದೆ, ಅಷ್ಟೇ.

ಈ ಎರಡನ್ನು ಬೇರೆ ಮಾಡಿ ನೋಡದೆ ಟೇಪ್ ಮೇಲೆ ಟೇಪ್ ಹಾಕುವವರನ್ನು ತುಂಬ ನೋಡಿದ್ದೇನೆ. ಮೊದಲನೆಯದು ಟೇಪಿಗೆ ಬಗ್ಗುತ್ತದೆ. ಎರಡನೆಯದು ಯಾವ ಟೇಪಿಗೂ ಬಗ್ಗುವುದಿಲ್ಲ, ಬಟ್ಟೆಯನ್ನೇ ಬದಲಿಸಬೇಕು ಅಥವಾ ಮೆತ್ತಗೆ ಮಾಡಬೇಕು. ಪರೀಕ್ಷೆ ಸುಲಭ. ಮೈಕನ್ನು ನಿಮ್ಮ ಕೈಯಲ್ಲಿ ಹಿಡಿದು ಅವರ ಎದೆಯಿಂದ ಸ್ವಲ್ಪ ದೂರದಲ್ಲಿ ಇಡಿ. ಅವರಿಗೆ ಕೈ ಆಡಿಸಿ, ತಿರುಗಿ, ಬಗ್ಗಿ ಅನ್ನಿ. ಆಗಲೂ ಸರಬರ ಕೇಳಿದರೆ ತಪ್ಪು ಬಟ್ಟೆಯದು. ಕೇಳದಿದ್ದರೆ ತಪ್ಪು ನಾವು ಮೈಕ್ ಕಟ್ಟಿದ ರೀತಿಯದು.

ಮೊದಲ ಥರದ ಸದ್ದಿಗೆ ನಾನು ನಂಬಿರುವ ಸೂತ್ರ ಒಂದೇ. ಮೈಕ್ ಅಲುಗಾಡಿದರೆ ತೊಂದರೆ ಇಲ್ಲ, ಮೈಯೇ ಅಲುಗಾಡುತ್ತಿರುತ್ತದಲ್ಲ. ಮೈಕ್, ಅದರ ಕೆಳಗಿನ ಪದರ, ಅದರ ಮೇಲಿನ ಪದರ, ಈ ಮೂರೂ ಒಟ್ಟಿಗೆ ಅಲುಗಾಡಬೇಕು. ಒಂದು ಹೋದ ಕಡೆ ಇನ್ನೊಂದು ಹೋಗದಿದ್ದರೆ ಅಲ್ಲಿ ಉಜ್ಜಾಟ ಶುರು. ನಾನು ಸೆರಗಿಗೆ ಪಿನ್ ಹಾಕಿದ್ದಾಗ ಮೈಕ್ ಸೆರಗಿನ ಜೊತೆ ಓಡುತ್ತಿತ್ತು, ಒಳಗಿನ ರವಿಕೆ ಮೈ ಜೊತೆ ನಿಂತಿತ್ತು. ಅಲ್ಲೇ ಕೆಟ್ಟಿದ್ದು. ಮುಂದೆ ಹೇಳುವ ಎಲ್ಲ ದಾರಿಗಳನ್ನೂ ಈ ಸೂತ್ರದಿಂದಲೇ ಅಳೆದಿದ್ದೇನೆ.

ಅಡಗಿಸಲೇಬೇಕಾ?

ಪಾಠ ಹೇಳುವ ವಿಡಿಯೋ, ಸುದ್ದಿಯ ಸಂದರ್ಶನ, ಅಡುಗೆ ವಿಡಿಯೋಗಳಲ್ಲಿ ಮೈಕ್ ಕಂಡರೆ ಯಾರಿಗೂ ಬೇಜಾರಿಲ್ಲ. ಹೊರಗೆ ಕ್ಲಿಪ್ ಹಾಕಿದ ಮೈಕಿನ ದನಿ ಅಡಗಿಸಿದ್ದಕ್ಕಿಂತ ಯಾವಾಗಲೂ ಸ್ಪಷ್ಟ. ಅಂಥ ಕಡೆ ಸುಮ್ನೆ ಅಡಗಿಸಲು ಹೋಗಬೇಡಿ.

ಕೂತು ಮಾತಾಡುವ ಸಂದರ್ಶನ, ಶಾಂತವಾದ ಕೋಣೆ ಅಂದರೆ ಬೂಮ್ ಮೈಕ್, ಅಂದರೆ ಉದ್ದ ಕೋಲಿನ ತುದಿಗೆ ಕಟ್ಟಿದ ಮೈಕ್, ಒಳ್ಳೆಯದು. ಚೌಕಟ್ಟಿನ ಆಚೆ, ತಲೆಯಿಂದ ಎರಡು ಮೂರು ಅಡಿ ಮೇಲೆ, ಬಾಯಿಯ ಕಡೆಗೆ ಮುಖ ಮಾಡಿ ನಿಲ್ಲಿಸಿದರೆ ಬಟ್ಟೆಯ ಗೊಡವೆಯೇ ಇಲ್ಲ. ಆದರೆ ಕಿಟಕಿ ಆಚೆ ಬಸ್ಸು ಹೋಗುವ ಬೆಂಗಳೂರಿನ ಮನೆ, ಫ್ಯಾನ್ ನಿಲ್ಲಿಸಲು ಆಗದ ರಾಯಚೂರಿನ ಬೇಸಿಗೆ, ಇಂಥ ಕಡೆ ಬೂಮ್ ಸೋಲುತ್ತದೆ. ದನಿಗೆ ಹತ್ತಿರ ಇರುವ ಕಾಲರ್ ಮೈಕ್ ಗೆಲ್ಲುತ್ತದೆ. ಕಥಾಚಿತ್ರ, ನಡೆದಾಡುತ್ತಾ ಮಾತು, ದೂರದ ಶಾಟ್, ಹೊಲದಲ್ಲಿ ಕೆಲಸ ಮಾಡುವವರ ಚಿತ್ರಣ, ಮದುಮಕ್ಕಳ ಮಾತು, ಇವುಗಳಿಗೆ ಅಡಗಿಸುವುದೇ ದಾರಿ. ಆಗಲೂ ಸಾಧ್ಯವಾದರೆ ಬೂಮ್ ಒಂದನ್ನು ಜೊತೆಗೆ ಓಡಿಸಿ. ಒಂದು ಪದ ಕೆಟ್ಟರೆ ಇನ್ನೊಂದರಿಂದ ತೆಗೆದುಕೊಳ್ಳಬಹುದು.

ಜಾಗಗಳು

ಎಲ್ಲ ಜಾಗಕ್ಕೂ ಒಂದು ಅಳತೆ: ಗದ್ದದಿಂದ ಸುಮಾರು ಒಂದು ಗೇಣು ಕೆಳಗೆ, ಎದೆಯ ನಡುವೆ. ಬಾಯಿಗೆ ಹತ್ತಿರ ಇದ್ದಷ್ಟೂ ಒಳ್ಳೆಯದು ಅಂತ ಕುತ್ತಿಗೆ ಬುಡಕ್ಕೆ ಏರಿಸಬೇಡಿ. ಅಲ್ಲಿ ಗದ್ದ ಅಡ್ಡ ಬರುತ್ತದೆ, ದನಿ ಮಂಕಾಗುತ್ತದೆ. ಎದೆಯ ಮೇಲೂ ಸ್ವಲ್ಪ ನಷ್ಟ ಇದ್ದೇ ಇದೆ. 800 ಹರ್ಟ್ಸ್ (ಸದ್ದಿನ ಸ್ಥಾಯಿಯ ಅಳತೆ) ಆಸುಪಾಸು ದನಿ ಉಬ್ಬುತ್ತದೆ, ಮಾತಿನ ಸ್ಪಷ್ಟತೆ ಇರುವ 3ರಿಂದ 4 ಕಿಲೋಹರ್ಟ್ಸ್ ಭಾಗ ಕುಗ್ಗುತ್ತದೆ. ಇದನ್ನು ಎಡಿಟಿಂಗಿನಲ್ಲಿ ಸರಿ ಮಾಡಬಹುದು. ಉಜ್ಜಿದ ಸದ್ದನ್ನು ಹಾಗೆ ಸರಿ ಮಾಡಲು ಆಗುವುದಿಲ್ಲ. ಹಾಗಾಗಿ ಸ್ವಲ್ಪ ಮಂಕು ಮತ್ತು ಸ್ವಲ್ಪ ಸರಬರ, ಇವೆರಡರಲ್ಲಿ ಒಂದನ್ನು ಆರಿಸಬೇಕಾಗಿ ಬಂದರೆ ನಾನು ಯೋಚನೆ ಮಾಡದೆ ಮಂಕನ್ನು ಆರಿಸುತ್ತೇನೆ.

ಗುಂಡಿ ಹಾಕುವ ಅಂಗಿ ಇದ್ದರೆ ಗುಂಡಿ ಪಟ್ಟಿಯೇ ನನ್ನ ಮೊದಲ ಆಯ್ಕೆ. ಎರಡನೇ ಮತ್ತು ಮೂರನೇ ಗುಂಡಿಯ ನಡುವೆ ಅಂಗಿಯ ಎರಡು ಪದರ ಒಂದರ ಮೇಲೊಂದು ಬರುತ್ತವೆ. ಆ ಎರಡರ ನಡುವೆ ಮೈಕ್ ಇಟ್ಟು, ಎರಡೂ ಪದರಕ್ಕೆ ಅಂಟುವ ಹಾಗೆ ಮಾಡಿದರೆ ಮೈಕ್ ಮತ್ತು ಎರಡು ಪದರ ಒಂದೇ ಕಟ್ಟಾಗುತ್ತವೆ. ಗುಂಡಿಗಳು ಮೇಲೂ ಕೆಳಗೂ ಹಿಡಿದುಕೊಂಡಿರುತ್ತವೆ. ಮೈಕಿನ ತಲೆ ಪಟ್ಟಿಯ ಅಂಚಿನ ಹತ್ತಿರ ಇದ್ದರೆ ದನಿ ಒಳಗೆ ಬರಲು ಒಂದು ಸಣ್ಣ ಸಂದಿ ಕೂಡ ಸಿಗುತ್ತದೆ. ಜುಬ್ಬಾದ ಪಟ್ಟಿಗೂ ಇದೇ ಮಾತು. ಆದರೆ ಜುಬ್ಬಾ ಸಡಿಲ. ಕೂತಾಗ ಪಟ್ಟಿ ಮುಂದಕ್ಕೆ ಬಾಗಿ ಮಡಿಕೆ ಬೀಳುತ್ತದೆ. ಕೂತ ಮೇಲೆ ಒಂದು ಸಲ ನೋಡಿ, ಮಡಿಕೆ ಬೀಳದ ಜಾಗಕ್ಕೆ ಸರಿಸಿ.

ಟೀ ಶರ್ಟಿಗೆ ಪಟ್ಟಿ ಇಲ್ಲ. ಅಲ್ಲಿ ಎದೆಮೂಳೆಯ ಮೇಲೆ ನೇರ ಮೈಗೆ ಅಂಟಿಸುವುದು ಅಥವಾ ಬಟ್ಟೆಯ ಒಳಬದಿಗೆ ಅಂಟಿಸುವುದು, ಎರಡು ದಾರಿ. ಬಿಗಿ ಟೀ ಶರ್ಟಾದರೆ ಬಟ್ಟೆಗೆ ಅಂಟಿಸಿ, ಬಟ್ಟೆ ಹೇಗೂ ಮೈ ಜೊತೆಗೇ ಹೋಗುತ್ತದೆ. ಸಡಿಲವಾದರೆ ಮೈಗೆ ಅಂಟಿಸಿ, ಮೈಕಿನ ಮೇಲೆ ಮೆತ್ತನೆಯ ಹೊದಿಕೆ ಹಾಕಿ. ಆಗ ಬಟ್ಟೆ ತಾಗಿದರೂ ಹೊದಿಕೆಗೆ ತಾಗುತ್ತದೆ, ಮೈಕಿಗಲ್ಲ. ಒಳಗೆ ಬನಿಯನ್ ಇದ್ದರೆ ಅದಕ್ಕೇ ಅಂಟಿಸಬಹುದು. ಚರ್ಮಕ್ಕಿಂತ ಬನಿಯನ್ ನನಗೆ ಇಷ್ಟ. ಬೆವರಿದರೂ ಟೇಪ್ ಬೇಗ ಬಿಡುವುದಿಲ್ಲ, ಕಿತ್ತಾಗ ಎದೆಕೂದಲು ಎಳೆಯುವುದಿಲ್ಲ.

ಅಂಗಿಯ ಕಾಲರಿನ ಕೆಳಗೆ ಅಡಗಿಸುವುದು ಕಣ್ಣಿಗೆ ಸುಲಭ, ಕಿವಿಗೆ ಕಷ್ಟ. ತಲೆ ಎಡಕ್ಕೆ ತಿರುಗಿದರೆ ದನಿ ಜೋರು, ಬಲಕ್ಕೆ ತಿರುಗಿದರೆ ಸಣ್ಣದು. ಗಡ್ಡ ಇದ್ದವರಲ್ಲಿ ಕೆರೆತದ ಸದ್ದೂ ಸೇರುತ್ತದೆ. ಬೇರೆ ದಾರಿ ಇಲ್ಲದಾಗ ಮಾತ್ರ. ಟೈ ಕಟ್ಟಿದವರಿದ್ದರೆ ಅದು ವರ. ಟೈ ಗಂಟು ಬಿಗಿಯಾಗಿ ನಿಂತಿರುತ್ತದೆ, ಒಳಗೆ ಮೈಕ್ ಸೇರಿಸಿ ತಲೆಯನ್ನು ಗಂಟಿನ ಕೆಳಂಚಿಗೆ ತಂದರೆ ಸಾಕು, ವೈರು ಟೈ ಹಿಂಬದಿಯಿಂದ ಇಳಿಯುತ್ತದೆ.

ಸೀರೆಯ ವಿಷಯಕ್ಕೆ ಬರೋಣ. ನಮ್ಮಲ್ಲಿ ಮೈಕ್ ಕಟ್ಟುವವರು ನಿಜವಾಗಿ ಕಲಿಯಬೇಕಾದ್ದು ಇಲ್ಲೇ. ಮೈಕ್ ಅಡಗಿಸುವ ಬಗ್ಗೆ ಸಿಗುವ ಹೆಚ್ಚಿನ ಪಾಠಗಳು ಕೋಟು, ಅಂಗಿ, ಟೀ ಶರ್ಟ್ ಬಗ್ಗೆಯೇ ಹೇಳುತ್ತವೆ. ಸೀರೆಯಲ್ಲಿ ಎರಡು ಬಟ್ಟೆ ಇವೆ, ಎರಡರ ಗುಣ ಬೇರೆ. ರವಿಕೆ ಬಿಗಿ, ಮೈ ಜೊತೆ ನಿಲ್ಲುತ್ತದೆ. ಸೆರಗು ಸಡಿಲ, ಅದು ಕೈ ಜೊತೆ, ಗಾಳಿ ಜೊತೆ ಹೋಗುತ್ತದೆ. ಮೈಕಿನ ಮನೆ ಯಾವಾಗಲೂ ರವಿಕೆ. ಕುತ್ತಿಗೆಯ ಅಂಚಿನ ಒಳಬದಿಯಲ್ಲಿ, ನಡುವೆ, ಹುಕ್ ಸಾಲು ಶುರುವಾಗುವ ಜಾಗದಲ್ಲಿ ಅಂಟಿಸಿ. ಮುಂದೆ ಹುಕ್ ಇರುವ ರವಿಕೆಯಲ್ಲಿ ಹುಕ್ ಪಟ್ಟಿಯ ಎರಡು ಪದರಗಳು ಅಂಗಿಯ ಗುಂಡಿ ಪಟ್ಟಿಯ ಕೆಲಸವನ್ನೇ ಮಾಡುತ್ತವೆ.

ಸೆರಗನ್ನು ಮಡಿಕೆ ಹಾಕಿ ಭುಜಕ್ಕೆ ಪಿನ್ ಮಾಡಿದ್ದರೆ ಒಳ್ಳೆಯದು. ಮೈಕಿನ ಜಾಗ ಸೆರಗಿನ ಅಂಚಿನಿಂದ ಆಚೆ ಇರಲಿ, ಮುಚ್ಚದ ಭಾಗದಲ್ಲಿ. ಸೆರಗು ಮೈಕನ್ನು ಮುಚ್ಚಲೇಬೇಕಾದರೆ, ಅದರ ಒಳಬದಿಯನ್ನು ಮೈಕಿನ ಪಕ್ಕದಲ್ಲಿ ಎರಡು ಕಡೆ ರವಿಕೆಗೆ ಡಬಲ್ ಸೈಡ್ ಟೇಪಿನಿಂದ ಹಿಡಿಸಿ. ಆ ಒಂದು ಅಂಗೈ ಅಗಲದ ಜಾಗ ಮಾತ್ರ ರವಿಕೆ ಜೊತೆ ನಿಂತರೆ ಸಾಕು, ಉಳಿದ ಸೆರಗು ಬೇಕಾದ ಹಾಗೆ ಆಡಲಿ. ಆ ಅಜ್ಜಿಯ ಮನೆಗೆ ಎರಡನೇ ಸಲ ಹೋದಾಗ ಹೀಗೇ ಮಾಡಿದೆ. ಉತ್ತರ ಕರ್ನಾಟಕದಲ್ಲಿ ಹಿರಿಯ ಹೆಣ್ಣುಮಕ್ಕಳು ಸೆರಗನ್ನು ತಲೆ ಮೇಲೆ ಹೊದ್ದಿರುತ್ತಾರೆ, ಮಾತಿನ ನಡುವೆ ಸರಿಮಾಡಿಕೊಳ್ಳುತ್ತಲೇ ಇರುತ್ತಾರೆ. ಅದನ್ನು ತಡೆಯಲು ಹೋಗಬಾರದು, ಅದು ಅವರ ಮೈಗೆ ಕೂತ ರೂಢಿ. ಟೇಪ್ ಹಾಕಿದ ಮೇಲೂ ಸೆರಗು ತಲೆ ಮೇಲೆ ಎಳೆದುಕೊಳ್ಳಲು ಸಡಿಲ ಇದೆಯಾ ಅಂತ ಅವರನ್ನೇ ಕೇಳಿ ನೋಡಿ.

ಸೀರೆಯ ಜೊತೆಗೆ ಒಡವೆಯೂ ಬರುತ್ತದೆ. ಕರಿಮಣಿ ಸರ, ಬೋರಮಾಳ, ಉದ್ದದ ಹಾರ, ಇವು ಸರಿಯಾಗಿ ಮೈಕ್ ಇರುವ ಜಾಗಕ್ಕೇ ಬಂದು ಬಡಿಯುತ್ತವೆ. ತೆಗೆಯಿರಿ ಅಂತ ಹೇಳುವ ವಸ್ತುಗಳಲ್ಲ ಇವು. ತಾಳಿಯ ಹಿಂದೆ ಬೆರಳ ತುದಿಯಷ್ಟು ಡಬಲ್ ಸೈಡ್ ಟೇಪ್ ಹಾಕಿ ರವಿಕೆಗೆ ನಿಲ್ಲಿಸಿದರೆ ಟಕಟಕ ನಿಲ್ಲುತ್ತದೆ. ಇಲ್ಲದಿದ್ದರೆ ಮೈಕನ್ನೇ ಎರಡು ಬೆರಳು ಪಕ್ಕಕ್ಕೆ ಸರಿಸಿ. ಗಾಜಿನ ಬಳೆಗೆ ಏನೂ ಮಾಡಬೇಡಿ. ಅದು ಚಿತ್ರದಲ್ಲೂ ಕಾಣುತ್ತದೆ, ಹಾಗಾಗಿ ಸದ್ದು ಕೇಳಿದರೆ ನೋಡುವವರಿಗೆ ತಪ್ಪು ಅನ್ನಿಸುವುದಿಲ್ಲ.

ಭಾರೀ ರೇಷ್ಮೆ ಸೀರೆ, ಮೈ ತುಂಬ ಒಡವೆ, ಅಥವಾ ನೃತ್ಯದ ಉಡುಪು ಇದ್ದರೆ ಎದೆಯನ್ನೇ ಬಿಟ್ಟು ಕೂದಲಿಗೆ ಹೋಗಿ. ಸಂಗೀತ ನಾಟಕದ ರಂಗಭೂಮಿಯಲ್ಲಿ ಇದು ಹಳೆಯ ಪದ್ಧತಿ. ಹಣೆಯ ಮೇಲೆ ಕೂದಲು ಶುರುವಾಗುವ ಗೆರೆಯಲ್ಲಿ ಮೈಕಿನ ತಲೆ ಮಾತ್ರ ಇಣುಕುತ್ತಿರುತ್ತದೆ, ವೈರು ಬೈತಲೆಯ ಪಕ್ಕದಿಂದ ಹಿಂದಕ್ಕೆ ಹೋಗಿ ಜಡೆಯ ಕೆಳಗೆ ಬೆನ್ನಿಗೆ ಇಳಿಯುತ್ತದೆ. ತಲೆ ಎತ್ತ ತಿರುಗಿದರೂ ಬಾಯಿಗೂ ಮೈಕಿಗೂ ದೂರ ಒಂದೇ. ಹಣೆಯ ಬಳಿ ದನಿಯೂ ಎದೆಗಿಂತ ಸಹಜ. ಮಲ್ಲಿಗೆ ಮುಡಿದಿದ್ದರೆ ವೈರಿಗೆ ಮರೆಯೂ ಆಯಿತು. ತೊಂದರೆ ಏನೆಂದರೆ ಹೊತ್ತು ಹಿಡಿಯುತ್ತದೆ. ಎಣ್ಣೆ ಹಚ್ಚಿದ ಕೂದಲಿಗೆ ಟೇಪ್ ಹಿಡಿಯುವುದಿಲ್ಲ, ಸಣ್ಣ ಕ್ಲಿಪ್‌ಗಳೇ ಬೇಕು. ಮುಖದ ಹತ್ತಿರದ ಶಾಟಿನಲ್ಲಿ ಮೈಕ್ ಕಾಣಿಸಬಹುದು. ಮದುಮಗಳಿಗೆ ಮಾಡುವುದಾದರೆ ಕೂದಲು ಕಟ್ಟುವವರ ಜೊತೆ ಹಿಂದಿನ ದಿನವೇ ಮಾತಾಡಿಕೊಳ್ಳಿ.

ಯಾವುದರಿಂದ ಹಿಡಿಸುವುದು

ಮೈಕ್ ಜೊತೆ ಬರುವ ಮೊಸಳೆ ಬಾಯಿಯ ಕ್ಲಿಪ್ ಹೊರಗೆ ಹಾಕಲು ಮಾತ್ರ. ಒಳಗೆ ಅದು ದಪ್ಪ, ತಾನೇ ಸದ್ದು ಮಾಡುತ್ತದೆ. ಎರಡು ಸೂಜಿ ಇರುವ ವ್ಯಾಂಪೈರ್ ಕ್ಲಿಪ್ ಅಂತ ಒಂದು ಸಿಗುತ್ತದೆ. ದಪ್ಪ ಕೋಟಿಗೆ, ಜಾಕೆಟ್ಟಿಗೆ ಅದು ಚೆನ್ನ. ರೇಷ್ಮೆಗೆ ಖಂಡಿತ ಬೇಡ, ನೂಲು ಎಳೆಯುತ್ತದೆ.

ನಾನು ಜಾಸ್ತಿ ಬಳಸುವುದು ಗ್ಯಾಫರ್ ಟೇಪಿನ ತ್ರಿಕೋನ. ಗ್ಯಾಫರ್ ಅಂದರೆ ಶೂಟಿಂಗಿನವರು ಬಳಸುವ ಬಟ್ಟೆಯ ಟೇಪ್. ಒಂದು ಇಂಚು ಅಗಲ, ನಾಲ್ಕೈದು ಇಂಚು ಉದ್ದದ ಪಟ್ಟಿ ತೆಗೆದುಕೊಳ್ಳಿ. ಅಂಟು ಹೊರಗೆ ಬರುವ ಹಾಗೆ, ಸಮೋಸ ಮಡಚುವ ರೀತಿಯಲ್ಲಿ ಮೂಲೆಯಿಂದ ಮೂಲೆಗೆ ಮಡಚುತ್ತಾ ಹೋಗಿ. ಕೊನೆಗೆ ಎಲ್ಲ ಬದಿಗೂ ಅಂಟಿರುವ ದಪ್ಪ ತ್ರಿಕೋನ ಸಿಗುತ್ತದೆ. ಇಂಥವು ಎರಡು ಮಾಡಿ ನಡುವೆ ಮೈಕ್ ಇಟ್ಟು ಒತ್ತಿ. ತಲೆಯ ತುದಿ ಮಾತ್ರ ಆಚೆ ಇರಲಿ. ಇದನ್ನು ಗುಂಡಿ ಪಟ್ಟಿಯ ಎರಡು ಪದರದ ನಡುವೆ ಇಟ್ಟು ಹೊರಗಿನಿಂದ ಒತ್ತಿದರೆ ಮುಗಿಯಿತು. ಮೂರೂ ಒಟ್ಟಿಗೆ ಅಲುಗಾಡಬೇಕು ಅಂದೆನಲ್ಲ, ಅದನ್ನು ಇಷ್ಟು ಅಗ್ಗವಾಗಿ ಬೇರೆ ಯಾವುದೂ ಮಾಡುವುದಿಲ್ಲ. ಪ್ಯಾಕಿಂಗಿಗೆ ಬಳಸುವ ಕಂದು ಟೇಪಿನಿಂದ ಇದನ್ನು ಮಾಡಬೇಡಿ. ಅದು ಪ್ಲಾಸ್ಟಿಕ್, ತಾನೇ ಕರಕರ ಅನ್ನುತ್ತದೆ.

ಮೈಗೆ ಅಂಟಿಸಲು ಮೆಡಿಕಲ್ ಶಾಪಿನ ಟೇಪ್ ಬೇಕು. ಕಾಗದದ ಥರ ಇರುವ ಮೈಕ್ರೋಪೋರ್ ಚರ್ಮಕ್ಕೆ ಮೃದು, ಆದರೆ ಬೆವರಿಗೆ ಬೇಗ ಸಡಿಲವಾಗುತ್ತದೆ. ಸಣ್ಣ ಸಣ್ಣ ತೂತಿರುವ ಪಾರದರ್ಶಕ ಟ್ರಾನ್ಸ್‌ಪೋರ್ ಜಾಸ್ತಿ ಹೊತ್ತು ಹಿಡಿಯುತ್ತದೆ. ಮಂಗಳೂರು, ಕಾರವಾರದ ಸೆಕೆಯಲ್ಲಿ ನಾನು ಎರಡನೆಯದನ್ನೇ ಒಯ್ಯುತ್ತೇನೆ. ಅಂಟಿಸುವ ಮೊದಲು ಇಂಜೆಕ್ಷನ್‌ಗೆ ಒರೆಸುವ ಸ್ಪಿರಿಟ್ ಹತ್ತಿಯಿಂದ ಆ ಜಾಗ ಒರೆಸಿ ಒಣಗಲು ಬಿಡಿ. ಟೇಪಿಗೆ ಚರ್ಮ ಕೆಂಪಾಗುವವರು ಇರುತ್ತಾರೆ, ಮೊದಲೇ ಕೇಳಿ. ಗ್ಯಾಫರ್ ಟೇಪನ್ನು ಯಾರ ಚರ್ಮಕ್ಕೂ ಹಾಕಬೇಡಿ.

ಸಿದ್ಧವಾಗಿ ಸಿಗುವವೂ ಇವೆ. ರೈಕೋಟ್ ಕಂಪನಿಯ ಸ್ಟಿಕೀಸ್, ಅಂಡರ್‌ಕವರ್ಸ್, ಬಬಲ್‌ಬೀ ಕಂಪನಿಯ ಲ್ಯಾವ್ ಕನ್ಸೀಲರ್, ಅರ್ಸಾ ಕಂಪನಿಯ ಪಟ್ಟಿಗಳು ಮತ್ತು ಫೋಮ್‌ಗಳು ಸಿನಿಮಾದವರ ಪೆಟ್ಟಿಗೆಯಲ್ಲಿ ಇರುತ್ತವೆ. ಅಂಡರ್‌ಕವರ್ಸ್ ಅಂದರೆ ಒಂದು ಕಡೆ ಅಂಟು, ಮೇಲೆ ಮೆತ್ತನೆಯ ಬಟ್ಟೆ, ನಡುವೆ ಮೈಕ್. ಲ್ಯಾವ್ ಕನ್ಸೀಲರ್ ರಬ್ಬರಿನ ಚಿಪ್ಪು. ಅದು ಮೈಕಿನ ತಲೆಯ ಸುತ್ತ ಸ್ವಲ್ಪ ಗಾಳಿ ಜಾಗ ಉಳಿಸುತ್ತದೆ, ಬಟ್ಟೆ ತಾಗಿದರೂ ತಲೆಗೆ ತಾಗುವುದಿಲ್ಲ. ಕನ್ಸೀಲರನ್ನು ಮತ್ತೆ ಮತ್ತೆ ಬಳಸಬಹುದು, ಆದರೆ ನಿಮ್ಮ ಮೈಕಿನ ಮಾದರಿಗೆ ಹೊಂದುವುದನ್ನೇ ಕೊಳ್ಳಬೇಕು. ಸ್ಟಿಕೀಸ್ ಎರಡೂ ಬದಿ ಅಂಟಿರುವ ತುಂಡುಗಳು, ಒಂದು ಸಲದ ಬಳಕೆಗೆ, ಯಾವ ಮೈಕಿಗಾದರೂ ಆಗುತ್ತದೆ. ವಾರಕ್ಕೊಂದು ಶೂಟಿಂಗ್ ಮಾಡುವವರು ಕನ್ಸೀಲರ್ ಕೊಳ್ಳಿ. ತಿಂಗಳಿಗೊಂದು ಮಾಡುವವರಿಗೆ ಗ್ಯಾಫರ್ ತ್ರಿಕೋನ ಸಾಕು, ಜೊತೆಗೆ ಮೇಕಪ್ ಸ್ಪಂಜಿನ ಸಣ್ಣ ತುಂಡು ಇಟ್ಟುಕೊಳ್ಳಿ. ಸ್ಪಂಜಿನಲ್ಲಿ ಸೀಳು ಮಾಡಿ ಮೈಕ್ ತೂರಿಸಿದರೆ ಸಡಿಲ ಬಟ್ಟೆಯ ಕೆಳಗೆ ಅದೇ ಹೊದಿಕೆ.

ಟೇಪೇ ಬೇಡ ಅನ್ನುವವರಿಗೆ ಎದೆಗೆ ಕಟ್ಟುವ ಎಲಾಸ್ಟಿಕ್ ಪಟ್ಟಿ ಇದೆ. ಮಕ್ಕಳಿಗೆ, ಓಡಾಡುವ ದೃಶ್ಯಕ್ಕೆ ಅದು ಚೆನ್ನ. ಬಿಗಿ ಬಟ್ಟೆಯ ಕೆಳಗೆ ಮಾತ್ರ ಅದರ ಗೆರೆ ಕಾಣುತ್ತದೆ.

ಬಟ್ಟೆಯ ಗುಣ

ಎರಡು ಪರೀಕ್ಷೆ ಸಾಕು. ಬಟ್ಟೆಯನ್ನು ಕಿವಿಯ ಹತ್ತಿರ ಹಿಡಿದು ಬೆರಳಲ್ಲಿ ಉಜ್ಜಿ. ನಿಮಗೆ ಕೇಳಿದರೆ ಮೈಕಿಗೂ ಕೇಳುತ್ತದೆ. ಆಮೇಲೆ ಬಟ್ಟೆಯನ್ನು ಬಾಯಿಗೆ ಹಿಡಿದು ಊದಿ. ಗಾಳಿ ಸಲೀಸಾಗಿ ಆಚೆ ಹೋದರೆ ದನಿಯೂ ಸಲೀಸಾಗಿ ಒಳಗೆ ಬರುತ್ತದೆ.

ಒಗೆದು ಒಗೆದು ಮೆತ್ತಗಾದ ಹತ್ತಿ ಎರಡರಲ್ಲೂ ಪಾಸ್. ಅದಕ್ಕಿಂತ ಒಳ್ಳೆಯ ಬಟ್ಟೆ ಇಲ್ಲ. ಗಂಜಿ ಹಾಕಿ ಇಸ್ತ್ರಿ ಮಾಡಿದ ಖಾದಿ ಅದೇ ಹತ್ತಿ, ಆದರೆ ಕಾಗದದ ಹಾಗೆ ಸದ್ದು ಮಾಡುತ್ತದೆ. ಊರಿನ ಹಿರಿಯರು ಕ್ಯಾಮೆರಾ ಅಂದರೆ ಗಂಜಿ ಹಾಕಿದ ಬಿಳಿ ಬಟ್ಟೆಯನ್ನೇ ಹಾಕಿಕೊಂಡು ಬರುತ್ತಾರೆ, ಅಲ್ವಾ? ಹಿಂದಿನ ದಿನ ಫೋನ್ ಮಾಡುವಾಗಲೇ "ನೀವು ದಿನಾ ಹಾಕೋ ಬಟ್ಟೆಯಲ್ಲೇ ಇರಿ ಸರ್, ಅದೇ ಚೆಂದ" ಅಂತ ಹೇಳಿಬಿಡಿ. ಬಂದ ಮೇಲೆ ಹೇಳಿದರೆ ಮನಸ್ಸಿಗೆ ನೋವಾಗುತ್ತದೆ.

ರೇಷ್ಮೆಯಲ್ಲಿ ತುಂಬ ವ್ಯತ್ಯಾಸ ಇದೆ. ರೇಷ್ಮೆಗೆ ಸರಬರ ಬರಲೆಂದೇ ಸೌಮ್ಯವಾದ ಆಮ್ಲದಲ್ಲಿ ಅದ್ದುವ ಪದ್ಧತಿ ಇದೆ. ದಪ್ಪ ಜರಿಯ ಕಂಚಿ ಸೀರೆ ಜೋರಾಗಿ ಸದ್ದು ಮಾಡುತ್ತದೆ. ನೂಲಿಗೆ ಜಾಸ್ತಿ ಹುರಿ ಹಾಕಿ ನೇಯ್ದ ಮೈಸೂರು ಕ್ರೇಪ್ ರೇಷ್ಮೆ ಮೆತ್ತಗೆ ಇಳಿಬೀಳುತ್ತದೆ, ಸದ್ದೂ ಕಡಿಮೆ. ಆರಿಸಲು ಅವಕಾಶ ಇದ್ದರೆ ಮೈಸೂರು ರೇಷ್ಮೆ ಕೇಳಿ. ಪಾಲಿಯೆಸ್ಟರ್, ನೈಲಾನ್ ಒಣ ಹವೆಯಲ್ಲಿ ಮೈಗೆ ಅಂಟಿಕೊಂಡು ಚಟಚಟ ಅನ್ನುತ್ತವೆ. ಒಳಬದಿಗೆ ಸ್ಪ್ರೇ ಬಾಟಲಿಯಿಂದ ತೆಳ್ಳಗೆ ನೀರು ಹನಿಸಿದರೆ ಆ ಶಾಟಿನ ಮಟ್ಟಿಗೆ ನಿಲ್ಲುತ್ತದೆ. ರೇಷ್ಮೆಗೆ ನೀರು ಹಾಕಬೇಡಿ, ಕಲೆ ಉಳಿಯುತ್ತದೆ. ಮಳೆಯ ಜಾಕೆಟ್ ಹಾಕಿಕೊಂಡವರ ಒಳಗೆ ಮೈಕ್ ಅಡಗಿಸುವ ಪ್ರಯತ್ನವೇ ಬೇಡ, ಜಾಕೆಟ್ಟಿನ ಹೊರಗೆ ಹಾಕಿ.

ವೈರು ಮತ್ತು ಡಬ್ಬಿ

ಮೈಕನ್ನು ಚೆನ್ನಾಗಿ ಅಂಟಿಸಿದ ಮೇಲೂ ಸದ್ದು ಬಂದರೆ ವೈರನ್ನು ನೋಡಿ. ವೈರಿಗೆ ಬಟ್ಟೆ ಉಜ್ಜಿದರೆ ಆ ನಡುಕ ವೈರಿನಲ್ಲೇ ಓಡಿ ಮೈಕಿಗೆ ಬರುತ್ತದೆ. ಮೈಕಿನಿಂದ ಒಂದೆರಡು ಇಂಚು ಕೆಳಗೆ ಬೆರಳಗಲದ ಸಡಿಲ ಸುತ್ತು ಮಾಡಿ, ಆ ಸುತ್ತಿಗೆ ಟೇಪ್ ಹಾಕಿ. ನಡುಕ ಅಲ್ಲೇ ಸಾಯುತ್ತದೆ, ಕೆಳಗಿನಿಂದ ಜಗ್ಗಿದರೂ ಮೈಕ್ ಕದಲುವುದಿಲ್ಲ. ಸುತ್ತನ್ನು ಬಿಗಿ ಗಂಟು ಮಾಡಬೇಡಿ, ಒಳಗಿನ ತಂತಿ ಮುರಿಯುತ್ತದೆ. ಅಲ್ಲಿಂದ ಕೆಳಗೆ ಸ್ವಲ್ಪ ಸಡಿಲ ಬಿಡಿ, ಕೂತು ಎದ್ದಾಗ ಎಳೆಯಬಾರದು.

ಮೈಕಿನ ದನಿಯನ್ನು ವೈರಿಲ್ಲದೆ ಕಳಿಸುವ ಟ್ರಾನ್ಸ್‌ಮಿಟರ್ ಡಬ್ಬಿ ಗಂಡಸರಿಗೆ ಬೆಲ್ಟಿನ ಹಿಂಬದಿ. ಸೀರೆಯಲ್ಲಿ ಲಂಗದ ಲಾಡಿಯ ಮೇಲೆ, ಬೆನ್ನ ಕಡೆ. ಲಾಡಿ ತೂಕಕ್ಕೆ ಇಳಿಯುವಂತಿದ್ದರೆ ಸೊಂಟಕ್ಕೆ ಎಲಾಸ್ಟಿಕ್ ಪಟ್ಟಿ ಕಟ್ಟಿಸಿ. ಪಂಚೆ ಉಟ್ಟವರಿಗೂ ಅದೇ ಪಟ್ಟಿ.

ಈ ಕೆಲಸದಲ್ಲಿ ಇನ್ನೊಬ್ಬರ ಮೈ ಹತ್ತಿರ ಕೈ ಹೋಗುತ್ತದೆ. ಪ್ರತಿ ಹೆಜ್ಜೆಗೂ ಹೇಳಿ, ಕೇಳಿ ಮಾಡಿ. ಹೆಣ್ಣುಮಕ್ಕಳಿಗೆ ಮೈಕ್ ಕಟ್ಟಲು ತಂಡದಲ್ಲಿ ಹೆಣ್ಣುಮಗಳು ಇರಲಿ, ಇಲ್ಲದಿದ್ದರೆ ಮನೆಯವರ ನೆರವು ಕೇಳಿ. ತ್ರಿಕೋನ ಅಂಟಿಸಿ, ಸುತ್ತು ಹಾಕಿ ಎಲ್ಲ ಸಿದ್ಧ ಮಾಡಿ ಕೈಗೆ ಕೊಟ್ಟು, "ಅವ್ವಾರ, ಈ ವೈರು ಒಳಗಿಂದ ಮ್ಯಾಲ ತಗೋರಿ" ಅಂದು ಕೋಣೆಯಿಂದ ಆಚೆ ನಿಂತರೆ ಅವರೇ ಚೆನ್ನಾಗಿ ಮಾಡಿಕೊಳ್ಳುತ್ತಾರೆ. ಬೆವರು ಬಂದರೆ, ಟೇಪ್ ಬಿಟ್ಟರೆ ಆಮೇಲೆ ಅವರೇ ಹೇಳುತ್ತಾರೆ ಕೂಡ.

ಮೈಕ್ ಕೊಳ್ಳುವಾಗ

ಅಡಗಿಸಲು ಓಮ್ನಿ, ಅಂದರೆ ಎಲ್ಲ ದಿಕ್ಕಿನಿಂದ ಕೇಳುವ ಮೈಕೇ ಬೇಕು. ಒಂದೇ ದಿಕ್ಕಿನ ಕಾರ್ಡಿಯಾಯ್ಡ್ ಮೈಕಿಗೆ ಪಕ್ಕದ ಕಿಂಡಿಗಳು ತೆರೆದಿರಬೇಕು. ಬಟ್ಟೆ ಅವನ್ನು ಮುಚ್ಚಿದರೆ ಅದರ ದಿಕ್ಕೇ ಕೆಡುತ್ತದೆ, ನಡುಕಕ್ಕೂ ಅದು ಜಾಸ್ತಿ ಸೂಕ್ಷ್ಮ.

ಸಣ್ಣ ತಲೆ ಇದ್ದಷ್ಟೂ ಅಡಗಿಸುವುದು ಸುಲಭ. ಸಿನಿಮಾದವರ ಮೈಕುಗಳಲ್ಲಿ ತಲೆಯ ಅಗಲ ನೋಡಿದರೆ, ಸ್ಯಾಂಕೆನ್ ಕಾಸ್-11ಡಿ ಸುಮಾರು 4 ಮಿಲಿಮೀಟರ್, ಡಿಪಿಎ 6060 ಮಾದರಿ 3 ಮಿಲಿಮೀಟರ್, ಕಂಟ್ರಿಮನ್ ಬಿ6 ಸುಮಾರು 2.5 ಮಿಲಿಮೀಟರ್. ಡಿಪಿಎ 4060 ಜೊತೆ ಬೇರೆ ಮುಚ್ಚಳ ಹಾಕಿ 12 ಕಿಲೋಹರ್ಟ್ಸ್ ಬಳಿ 10 ಡೆಸಿಬಲ್ ಏರಿಸಿಕೊಳ್ಳಬಹುದು, ಬಟ್ಟೆ ನುಂಗಿದ ಹೊಳಪು ಸ್ವಲ್ಪ ವಾಪಸ್ ಬರುತ್ತದೆ. ಇವೆಲ್ಲ ದುಬಾರಿ. ಶುರು ಮಾಡುವವರ ಕೈಯಲ್ಲಿ ಸಾಮಾನ್ಯವಾಗಿ ಬೋಯಾ ಬಿವೈ-ಎಂ1 ಇರುತ್ತದೆ. ಅದರ ತಲೆ ದಪ್ಪ, 6 ಮೀಟರ್ ವೈರು ಇನ್ನೊಂದು ತಲೆನೋವು. ಆದರೂ ಗುಂಡಿ ಪಟ್ಟಿಯಲ್ಲಿ ಎರಡು ತ್ರಿಕೋನದ ನಡುವೆ ಇಟ್ಟರೆ ಅದು ಕೆಲಸ ಮಾಡುತ್ತದೆ. ಕೆಟ್ಟದಾಗಿ ಅಂಟಿಸಿದ ಸ್ಯಾಂಕೆನ್‌ಗಿಂತ ಚೆನ್ನಾಗಿ ಅಂಟಿಸಿದ ಬೋಯಾ ಮೇಲು, ಇದನ್ನು ನಾನು ಎರಡೂ ಕಡೆಯಿಂದ ಕೇಳಿ ಹೇಳುತ್ತಿದ್ದೇನೆ.

ಡಬ್ಬಿಯಲ್ಲೇ ಮೈಕ್ ಇರುವ ವೈರ್‌ಲೆಸ್ ಸೆಟ್‌ಗಳನ್ನು ಇಡಿಯಾಗಿ ಅಂಗಿಯೊಳಗೆ ಅಡಗಿಸಲು ನೋಡಬೇಡಿ. ತೂಕಕ್ಕೆ ಬಟ್ಟೆ ಜೋಲುತ್ತದೆ, ಉಬ್ಬು ಕಾಣುತ್ತದೆ, ಉಜ್ಜುವುದೂ ಜಾಸ್ತಿ. ರೋಡ್ ವೈರ್‌ಲೆಸ್ ಗೋ, ಡಿಜೆಐ ಮೈಕ್ 2 ಇಂಥವುಗಳಲ್ಲಿ ಬೇರೆ ಮೈಕಿನ ಪಿನ್ ಚುಚ್ಚುವ 3.5 ಮಿಲಿಮೀಟರ್ ತೂತಿದೆ. ಅದಕ್ಕೆ ಹೊಂದುವ ಕಾಲರ್ ಮೈಕ್ ಸೇರಿಸಿ, ಡಬ್ಬಿಯನ್ನು ಸೊಂಟಕ್ಕೆ ಕಳಿಸಿ. ಡಿಜೆಐ ಮೈಕ್ ಮಿನಿಯ ಟ್ರಾನ್ಸ್‌ಮಿಟರಿನಲ್ಲಿ ಆ ತೂತಿಲ್ಲ. ಅಡಗಿಸುವ ಕೆಲಸ ಇದೆ ಅನ್ನುವವರು ಕೊಳ್ಳುವ ಮೊದಲು ಇದನ್ನು ನೋಡಿಕೊಳ್ಳಬೇಕು.

ಶೂಟಿಂಗ್ ಹೊತ್ತಿನಲ್ಲಿ

ಮೈಕ್ ಕಟ್ಟಿ ಆದ ಮೇಲೆ "ಹಲೋ, ಒಂದು ಎರಡು ಮೂರು" ಅನ್ನಿಸಿ ನಿಲ್ಲಿಸಬೇಡಿ. ಅವರು ಕ್ಯಾಮೆರಾ ಮುಂದೆ ಏನು ಮಾಡಲಿದ್ದಾರೋ ಅದನ್ನೇ ಮಾಡಿಸಿ ಕೇಳಿ. ಬೀಸುವವರಾದರೆ ನಾಲ್ಕು ಸುತ್ತು ಬೀಸಲಿ. ಅಡಿಕೆ ಸುಲಿಯುವವರಾದರೆ ಸುಲಿಯಲಿ. ಮೇಷ್ಟ್ರಾದರೆ ಬೋರ್ಡಿಗೆ ಕೈ ಎತ್ತಿ ಬರೆಯಲಿ. ಹೆಡ್‌ಫೋನ್ ಕಿವಿಯಿಂದ ತೆಗೆಯಬೇಡಿ. ಒಬ್ಬರೇ ಇದ್ದರೆ ಕುತ್ತಿಗೆಗೆ ಹಾಕಿಕೊಳ್ಳದೆ ಒಂದು ಕಿವಿಗಾದರೂ ಇರಲಿ.

ಎಡಿಟಿಂಗಿನಲ್ಲಿ 80 ಹರ್ಟ್ಸ್ ಕೆಳಗಿನದನ್ನು ಕತ್ತರಿಸಿದರೆ ಗುಡುಗುಡು ಸ್ವಲ್ಪ ಹೋಗುತ್ತದೆ. ಸದ್ದು ಶುದ್ಧ ಮಾಡುವ ಸಾಫ್ಟ್‌ವೇರ್ ಐಜೋಟೋಪ್ ಆರ್‌ಎಕ್ಸ್‌ನಲ್ಲಿ ಡೀ-ರಸಲ್ ಅಂತ ಈ ಕೆಲಸಕ್ಕೇ ಒಂದು ಉಪಕರಣ ಇದೆ. ಅಲ್ಲಲ್ಲಿ ಬಂದ ಸಣ್ಣ ಸದ್ದನ್ನು ಅದು ಇಳಿಸುತ್ತದೆ. ಮಾತಿನ ಉದ್ದಕ್ಕೂ ಸೇರಿಕೊಂಡ ಸರಬರವನ್ನು ತೆಗೆಯಲು ಹೋದರೆ ಮಾತಿನ ಜೀವವನ್ನೂ ತೆಗೆಯುತ್ತದೆ. ಅಜ್ಜಿಯ ಹಾಡಿನ ಮೇಲೆ ಅದನ್ನು ಓಡಿಸಿ ನೋಡಿದ್ದೇನೆ. ಸಕಾರ, ಶಕಾರಗಳೇ ಕರಗಿ ಹೋದವು.

ನಡುವೆ ಸದ್ದು ಶುರುವಾದರೆ ಏನು ಮಾಡಬೇಕು? ನಟರಾದರೆ ಕಟ್ ಹೇಳಿ, ಸರಿಮಾಡಿ, ಮತ್ತೆ ತೆಗೆಯಿರಿ. ನೆನಪು ಹೇಳುತ್ತಿರುವ ಹಿರಿಯರಾದರೆ ನಿಲ್ಲಿಸಬೇಡಿ. ಹೊತ್ತು ಗುರುತು ಹಾಕಿಕೊಳ್ಳಿ, ಅವರು ತಾವಾಗಿ ನೀರು ಕುಡಿಯಲು ನಿಂತಾಗ ಹೋಗಿ ಸೆರಗೋ ಸುತ್ತೋ ಸರಿಮಾಡಿ. ಆಮೇಲೆ, "ಆಗ ಹೇಳಿದ್ರಲ್ಲ, ಬಾವಿ ಹತ್ರ ಏನೋ ಆಯ್ತು ಅಂತ, ಅದನ್ನ ಇನ್ನೊಂದ್ಸಲ ಹೇಳ್ತೀರಾ" ಅಂತ ಆ ಜಾಗದಿಂದಲೇ ಮತ್ತೆ ಶುರು ಮಾಡಿ.